ಗ್ರೆಗರಿಯ ಪರವಾಗಿ ಎರಡು ಮಾತು

ಶವಪೆಟ್ಟಿಗೆಗೆ ಕೈ ಹಾಕಲು ಬಂದ ತಮ್ಮನ ಬಾಯಿಗೆ ವಿಕ್ಟರ್ ಬಿಗಿಯಾಗಿ ಗುದ್ದಿದ. ರೋಶನ್ ಅಂಗಳಕ್ಕೆ ಬಿದ್ದ. ಒದೆಯಲು ಎತ್ತಿದ ಕಾಲನ್ನು ಪಕ್ಕದ ಮನೆಯ ಪ್ರಶಾಂತ ತಬ್ಬಿ ಹಿಡಿಯದಿದ್ದರೆ ನರಸಿಂಹರಾಜಪುರದವರು ಅಂದು ಎರಡು ಹೆಣ ಹೊರಬೇಕಾಗುತ್ತಿತ್ತು.

"ಬಿಡು ಮಾರಾಯ. ನನ್ನ ತಲೆ ಒಡ್ದವ ನನ್ನಪ್ಪನ್ನ ಹೊರೋದು ಬ್ಯಾಡ," ಎಂದ ವಿಕ್ಟರ್.

ನೆರೆದವರಿಗೂ ಅದು ನ್ಯಾಯವೇ ಎನಿಸಿತು. ಹನ್ನೆರಡು ವರ್ಷದ ಹಿಂದೆ ರೋಶನ್ ಹಿಂದಿನಿಂದ ಹೊಡೆದು ಅಣ್ಣನ ಎಡಗಿವಿ ಕೆಡಿಸಿದ್ದನೆಂದು ಊರೆಲ್ಲ ನಂಬಿತ್ತು. ಊರಿಗೇನು, ನಂಬುವುದಕ್ಕೆ ಖರ್ಚಿಲ್ಲ.

*

ಹನ್ನೆರಡು ವರ್ಷದ ಹಿಂದಿನ ಆ ಮಧ್ಯಾಹ್ನ ಅಪ್ಪ ಗ್ರೆಗರಿ ಸಾಮಿಲ್ಲಿನಿಂದ ಕುಡಿದು ಬಂದಿದ್ದ. ಊಟಕ್ಕೆ ಕೂತಿದ್ದ ವಿಕ್ಟರ್ ತಿರುಗಿಯೂ ನೋಡಲಿಲ್ಲವೆಂಬ ಸಿಟ್ಟಿಗೆ ಹಿಂದಿನಿಂದಲೇ ಅವನ ತಲೆಗೆ ಕೊಡಲಿಯ ಕಾವನ್ನು ಬೀಸಿದ. ಅನ್ನ ಕೆಂಪಾಯಿತು. ಹದಿನೇಳರ ರೋಶನ್ ಕಾವು ಕಿತ್ತುಕೊಂಡ. ಅಕ್ಕಪಕ್ಕದವರು ಓಡಿ ಬಂದಾಗ ಅದು ಅವನ ಕೈಯಲ್ಲೇ ಇತ್ತು. ಯಾರು ಹೊಡೆದದ್ದೆಂದು ಕೇಳಿದರೆ ತಾಯಿ ಸೆಲಿನಾ ಅವನತ್ತ ಬೆರಳು ತೋರಿಸಿದಳು. ಗಂಡ ಜೈಲಿಗೆ ಹೋದರೆ ಮನೆ ಮುರಿಯುತ್ತದೆ, ಹುಡುಗನನ್ನಾದರೆ ಬೈದು ಬಿಡುತ್ತಾರೆ ಎಂದುಕೊಂಡಳು. ಅವಳ ಮುಖ ನೋಡಿ ರೋಶನ್ ಸುಮ್ಮನಾದ. ಬಸರೀಕಟ್ಟೆಯ ತೋಟಕ್ಕೆ ಕೆಲಸಕ್ಕೆ ಹೋದವನು ಮತ್ತೆ ಮನೆಗೆ ಬಂದದ್ದು ಇವತ್ತೇ. ಗ್ರೆಗರಿ ಆಮೇಲೆ ಕುಡಿಯಲಿಲ್ಲ, ಒಂದು ಭಾನುವಾರದ ಬಲಿಪೂಜೆಯನ್ನೂ ತಪ್ಪಿಸಲಿಲ್ಲ. ನಿಜವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

*

ಮುಚ್ಚಳ ಹಾಕುವ ಮೊದಲು, ಸತ್ತವರ ಪರವಾಗಿ ಮನೆಯವರೊಬ್ಬರು ಬಂದವರ ಕ್ಷಮೆ ಕೇಳುವುದು ವಾಡಿಕೆ. ಎರಡು ಮಾತಿನ ಕೆಲಸ. ಫಾದರ್ ಸೆಲಿನಾಗೆ ಸನ್ನೆ ಮಾಡಿದರು. ಅವಳು ಕಿರಿಯವನ ಗಲ್ಲದಿಂದ ಇಳಿಯುತ್ತಿದ್ದ ರಕ್ತವನ್ನೇ ನೋಡುತ್ತಿದ್ದಳು.

"ವಿಕ್ಟರ್‌ಗೆ ಹೊಡ್ದಿದ್ದು ಇವ್ರು," ಎಂದು ಗಂಡನ ಮುಖ ತೋರಿಸಿದಳು. "ಸುಳ್ಳು ಹೇಳಿದ್ದು ನಾನು. ಇವ್ರ ಪರವಾಗಿ ಆಮೇಲೆ ಕೇಳ್ತೀನಿ. ಮೊದ್ಲು ನನ್ನ ಕ್ಷಮಿಸ್ತೀರಾ ಇಲ್ವಾ ಹೇಳಿ, ಮಕ್ಳೇ."

ವಿಕ್ಟರ್ ಮೇಣದಬತ್ತಿಯ ಹಿತ್ತಾಳೆ ಸ್ಟ್ಯಾಂಡು ಕಿತ್ತು ಹೆಣದ ಮೇಲೆ ಎತ್ತಿದ. ಅಪ್ಪನ ಮುಖ ಜಜ್ಜಿಬಿಡುವಷ್ಟು ರೋಷ. ರೋಶನ್ ಅಡ್ಡ ಬಂದು ಅವನ ತೋಳು ಹಿಡಿದ.

"ನಾನು ಕ್ಷಮ್ಸಿ ಆಗಿದೆ ಅಣ್ಣ. ಒಂದೇ ಸಲಕ್ಕೆ ಆಗ್ಲಿಲ್ಲ. ದಿನಾ ಬೆಳಿಗ್ಗೆ ಎದ್ದು ಮತ್ತೆ ಕ್ಷಮಿಸ್ಬೇಕಿತ್ತು."

ಸ್ಟ್ಯಾಂಡು ನೆಲಕ್ಕೆ ಬಿತ್ತು. ವಿಕ್ಟರ್ ತಮ್ಮನ ತುಟಿಯನ್ನು ಅಂಗೈಯಿಂದ ಒರೆಸಿದ, ಒರೆಸುತ್ತಲೇ ಬಿಕ್ಕಿ ಬಿಕ್ಕಿ ಅತ್ತ. ಅಮ್ಮನ ಕಡೆ ನೋಡಲು ಅವನಿಂದ ಆಗಲಿಲ್ಲ.

ಮುಚ್ಚಳ ಹಾಕಿದರು. ರೋಶನ್ ತಲೆಯ ಕಡೆ ಹೆಗಲು ಕೊಟ್ಟಾಗ ವಿಕ್ಟರ್ ಇನ್ನೊಂದು ಬದಿಗೆ ಬಂದು ಎತ್ತಿದ. ಬಿಳಿ ಪೆಟ್ಟಿಗೆಯ ಮೇಲೆ ತಮ್ಮನ ರಕ್ತದಲ್ಲಿ ಅಣ್ಣನ ಐದು ಬೆರಳು ಮೂಡಿದವು. ಸೆಲಿನಾ ಅದನ್ನು ಸೆರಗಿನಿಂದ ಒರೆಸಲು ಹೋದಳು.

"ಇರ್ಲಿ ಬಿಡಮ್ಮ," ಎಂದ ವಿಕ್ಟರ್.

ಒರೆಸದ ಆ ಬೆರಳುಗಳ ಸಮೇತ ಪೆಟ್ಟಿಗೆ ಇಗರ್ಜಿಯ ದಾರಿ ಹಿಡಿಯಿತು.