ಹಿಂದಿನ ಕೋಣೆಗೆ ಮೂರನೆಯ ಡಬ್ಬಿ

ಅಮ್ಮನ ಆನ್‌ಲೈನ್ ಹೊಲಿಗೆ ತರಗತಿ ಸತತ ಎರಡು ಶನಿವಾರ ಅರ್ಧಕ್ಕೇ ನಿಂತುಹೋಗಿತ್ತು. ಪರದೆಯ ಮೇಲೆ ಅವಳ ಮುಖ ಬಾಯಿ ತೆರೆದಂತೆಯೇ ಹೆಪ್ಪುಗಟ್ಟುತ್ತಿತ್ತು; ನಲವತ್ತೊಂದು ವಿದ್ಯಾರ್ಥಿನಿಯರು "ಟೀಚರ್, ಕೇಳಿಸ್ತಿಲ್ಲ" ಎಂದು ಒಬ್ಬರ ಹಿಂದೊಬ್ಬರು ಬರೆಯುತ್ತಿದ್ದರು. ಮೂರನೆಯ ಸಲವೂ ಹೀಗಾದರೆ ತಂಡವನ್ನು ಬೇರೆ ಶಿಕ್ಷಕಿಗೆ ಒಪ್ಪಿಸುವುದಾಗಿ ಹೊಲಿಗೆ ಶಾಲೆಯವರು ತಿಳಿಸಿದರು. ಮುಂದಿನ ಶನಿವಾರಕ್ಕೆ ಆರು ದಿನಗಳಿದ್ದವು.

ದೊಡ್ಡಪ್ಪನಿಗೆ ಇದು ಸಮಸ್ಯೆಯೆಂದೇ ಅನ್ನಿಸಲಿಲ್ಲ. "ಹಾಲ್‌ನಲ್ಲಿ ಕೂತು ಪಾಠ ಮಾಡು. ಇಲ್ಲಿ ವೈಫೈ ಧಾರಾಳವಾಗಿದೆ."

"ಅದನ್ನೂ ಮಾಡಿ ನೋಡಿದೀನಿ ಭಾವ," ಎಂದಳು ಅಮ್ಮ. "ನಿಮ್ಮ ಚಿಕ್ಕ ತಮ್ಮ ಟವೆಲ್ ಸುತ್ಕೊಂಡು ಕ್ಯಾಮೆರಾ ಮುಂದೆ ಹಾದುಹೋದ್ರು. ಆವತ್ತು ತೋಳಿನ ಅಳತೆ ಒಬ್ಬರ ತಲೆಗೂ ಹೋಗ್ಲಿಲ್ಲ."

ಚಿಕ್ಕಪ್ಪ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಅದರ ಹಿಂದೆ ಮರೆಯಾದ.

ನಮ್ಮದು ಎರಡು ಮನೆಗಳನ್ನು ಕೂಡಿಸಿ ಒಂದು ಮಾಡಿದ ಮನೆ. ಮುಂದಿನ ಮನೆಯ ಹೊರಗೋಡೆಯಾಗಿದ್ದದ್ದು ಈಗ ಒಳಗೋಡೆ; ಅದರ ದಪ್ಪ ಒಂದು ಮೊಳಕ್ಕಿಂತ ಹೆಚ್ಚು. ಹಾಲ್, ದೊಡ್ಡಪ್ಪನ ಕೋಣೆ, ಚಿಕ್ಕಪ್ಪನ ಕೋಣೆ ಗೋಡೆಯ ಈಚೆಗೆ. ಅಡುಗೆಮನೆ ಮತ್ತು ಅಮ್ಮನ ಹೊಲಿಗೆ ಕೋಣೆ ಆಚೆಗೆ. ಭೌತಶಾಸ್ತ್ರ ಓದಿದ ನನಗೆ ಅಳೆಯದೆ ಮಾತನಾಡುವ ಅಭ್ಯಾಸವಿಲ್ಲ. ಫೋನು ಹಿಡಿದು ಪ್ರತಿ ಕೋಣೆಯಲ್ಲಿ ಮೂರು ಕಡೆ ನಿಂತು ಸಿಗ್ನಲ್ ಗುರುತಿಸಿಕೊಂಡೆ. ಈ ಅಳತೆ ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಸಿಗ್ನಲ್ ಕ್ಷೀಣ. ಹಾಲ್‌ನಲ್ಲಿ ಮೈನಸ್ ಮೂವತ್ತೆಂಟು. ಹೊಲಿಗೆ ಯಂತ್ರದ ಪಕ್ಕದಲ್ಲಿ ಮೈನಸ್ ಎಂಬತ್ತಾರು.

ದೊಡ್ಡಪ್ಪ ಅಂಗಡಿಯ ಸ್ನೇಹಿತನನ್ನು ಕೇಳಿಕೊಂಡು ಬಂದಿದ್ದರು. "ಎಂಟು ಆಂಟೆನಾ ಇರೋ ರೌಟರ್ ಒಂದೇ ಒಂದು ತಂದ್ರೆ ಸಾಕಂತೆ. ಊರಿಗೆಲ್ಲಾ ಬರುತ್ತಂತೆ."

"ಎಂಟಲ್ಲ, ಹದಿನೆಂಟು ಕೊಂಬು ಇದ್ರೂ ಅಷ್ಟೇ ದೊಡ್ಡಪ್ಪ. ಆ ಗೋಡೆ ಸಿಗ್ನಲ್ಲನ್ನ ತಿಂದುಬಿಡುತ್ತೆ."

"ಗೋಡೆಗೆ ಕಿವಿ ಇದೆ ಅಂತ ಕೇಳಿದ್ದೆ. ಹೊಟ್ಟೆನೂ ಇದೆ ಅಂತ ನಿನ್ನಿಂದ ತಿಳೀತು."

ಆದರೂ ನನ್ನ ನಕ್ಷೆಯನ್ನು ಅವರು ಎರಡು ಸಲ ನೋಡಿದರು. ಮೂರು ಡಬ್ಬಿಗಳ ಮೆಶ್ ಸೆಟ್ ತರುವುದೆಂದು ತೀರ್ಮಾನವಾಯಿತು: ಒಂದೇ ಹೆಸರಿನ ಜಾಲ, ಮೂರು ಕಡೆಯಿಂದ ಪ್ರಸಾರ, ಬೇಕೆಂದಲ್ಲಿ ಕೇಬಲ್‌ನಿಂದಲೂ ಜೋಡಿಸಬಹುದಾದದ್ದು. ಗೆದ್ದೆ ಎಂದುಕೊಂಡೆ. ಎಡವಿದ್ದು ಅಲ್ಲೇ.

ನಮ್ಮ ಮನೆಗೆ ಏನೇ ಬಂದರೂ ಹಿರಿತನದ ಪ್ರಕಾರ ಹಂಚುವುದು ವಾಡಿಕೆ. ಹೊಸ ಫ್ಯಾನ್, ಹೊಸ ಹಾಸಿಗೆ, ಕಿಟಕಿಯ ಪಕ್ಕದ ಕುರ್ಚಿ ಎಲ್ಲವೂ ಮೇಲಿನಿಂದ ಕೆಳಕ್ಕೆ ಇಳಿದು ಬರಬೇಕು. ಬುಧವಾರ ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ದೊಡ್ಡಪ್ಪ ಪೆಟ್ಟಿಗೆ ಬಿಚ್ಚಿ, ವೈಫೈಯನ್ನೂ ಹಾಗೆಯೇ ಹಂಚಿದ್ದರು. ಒಂದು ಹಾಲ್‌ಗೆ, ಒಂದು ತಮ್ಮ ತಲೆದಿಂಬಿನ ಬಳಿಗೆ, ಒಂದು ಚಿಕ್ಕಪ್ಪನ ಟಿವಿಯ ಕೆಳಕ್ಕೆ. ಮೂರೂ ಹತ್ತು ಹೆಜ್ಜೆಯೊಳಗೆ. ಮತ್ತೆ ಅಳೆದೆ. ಹೊಲಿಗೆ ಕೋಣೆಯಲ್ಲಿ ಮೈನಸ್ ಎಂಬತ್ತನಾಲ್ಕು.

"ಶನಿವಾರ ಬೇಕಾದ್ರೆ ನನ್ನ ಕೋಣೆ ಬಿಟ್ಟುಕೊಡ್ತೀನಿ, ಅಲ್ಲೇ ಪಾಠ ಮಾಡ್ಲಿ," ಎಂದರು ದೊಡ್ಡಪ್ಪ, ದಾನ ಕೊಟ್ಟವರ ಮುಖ ಮಾಡಿಕೊಂಡು.

"ಮಷಿನ್ ತಲೆ ಮೇಲೆ ಹೊತ್ಕೊಂಡು ಬರ್ಲಾ ಭಾವ? ಕಟಿಂಗ್ ಟೇಬಲ್ ಕಂಕುಳಲ್ಲಿ ಇಟ್ಕೊಳ್ಲಾ?"

"ಅಷ್ಟೆಲ್ಲಾ ಯಾಕಮ್ಮಾ? ಹೊಲಿಗೆ ತಾನೇ. ಬಾಯಲ್ಲಿ ಹೇಳಿದ್ರೆ ಅವರು ಮಾಡ್ಕೊಳ್ಳಲ್ವಾ?"

ಅಮ್ಮ ಬ್ಲೌಸಿಗೆ ಚುಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ ನೇರವಾಗಿ ದೊಡ್ಡಪ್ಪನ ಕೋಣೆಗೆ ನಡೆದು, ದಿಂಬಿನ ಬಳಿಯ ಪ್ಲಗ್ ಕಿತ್ತು, ಅಲ್ಲಿದ್ದ ವೈಫೈ ಡಬ್ಬಿಯನ್ನು ಸೆರಗಿನಲ್ಲಿ ಹಾಕಿಕೊಂಡಳು.

"ಯಾರನ್ನ ಕೇಳಿ ತಗೊಂಡೆ?" ದೊಡ್ಡಪ್ಪನ ಧ್ವನಿ ಏರಿತು.

"ಇಪ್ಪತ್ತನಾಲ್ಕು ವರ್ಷ ಕೇಳಿ ತಗೊಂಡಿದ್ದೀನಿ ಭಾವ. ಇವತ್ತು ಹೇಳಿ ತಗೊಳ್ತಿದ್ದೀನಿ."

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅಣ್ಣನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಅವಳಿಗೆ ದಾರಿ ಬಿಟ್ಟರು.

ಸಿಗ್ನಲ್ಲನ್ನು ಗೋಡೆ ದಾಟಿಸಲು ಕೇಬಲ್ಲೇ ಬೇಕಿತ್ತು. ಹಿಂದೊಮ್ಮೆ ಕರೆಗಂಟೆಗೆ ಹಾಕಿಸಿದ ತೆಳುವಾದ ಪೈಪೊಂದು ಗೋಡೆಯೊಳಗೆ ಖಾಲಿ ಉಳಿದಿತ್ತು. ನಾನು ದಪ್ಪ ತಂತಿ ತೂರಿಸಿದೆ, ತಿರುವಿನಲ್ಲಿ ಸಿಕ್ಕಿಕೊಂಡಿತು. ಎಣ್ಣೆ ಸವರಿ ಮತ್ತೆ ತೂರಿಸಿದೆ. ಮತ್ತೆ ಸಿಕ್ಕಿಕೊಂಡಿತು.

"ನೂಕಿದ್ರೆ ಹೋಗಲ್ಲ, ಎಳೀಬೇಕು," ಎಂದಳು ಅಮ್ಮ. ಅಸ್ತರಿನ ಬಟ್ಟೆಯ ಚೂರೊಂದನ್ನು ಕಡಲೆಕಾಳಿನಷ್ಟು ಗಾತ್ರದ ಮೊಗ್ಗಾಗಿ ಕಟ್ಟಿ ದಾರಕ್ಕೆ ಪೋಣಿಸಿದಳು. "ಆ ಕಡೆಯಿಂದ ಕಸ ಎಳೆಯೋ ಮಷಿನ್ ಹಿಡಿ."

ವ್ಯಾಕ್ಯೂಮ್ ಕ್ಲೀನರ್ ಗುರ್ರೆಂದಿತು. ಬಟ್ಟೆಯ ಮೊಗ್ಗು ನಾಲ್ಕು ಸೆಕೆಂಡಿನಲ್ಲಿ ನನ್ನ ಕೈಗೆ ಬಂತು. ದಾರದ ಬೆನ್ನಿಗೆ ಲಾಡಿ ಕಟ್ಟಿ ಎಳೆದೆವು, ಲಾಡಿಯ ಬೆನ್ನಿಗೆ ಕೇಬಲ್. ನಾನು ಎರಡೂ ತುದಿಗೆ ಪ್ಲಗ್ ಕೂರಿಸಿ, ಡಬ್ಬಿಗೆ ಜೋಡಿಸಿ ಅಳೆದೆ. ಹೊಲಿಗೆ ಕೋಣೆಯಲ್ಲಿ ಮೈನಸ್ ನಲವತ್ತೊಂದು. ದೊಡ್ಡಪ್ಪನ ದಿಂಬಿನ ಬಳಿ ಮೈನಸ್ ಐವತ್ತೆಂಟು. ಅಷ್ಟು ಸಿಗ್ನಲ್ಲಿಗೆ ಅವರು ನೋಡುವ ವೀಡಿಯೋಗಳು ಸಲೀಸಾಗಿ ಓಡುತ್ತವೆ. ಅಂಕಿಗಳನ್ನು ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟರು.

ಶನಿವಾರ ಹನ್ನೊಂದಕ್ಕೆ ತರಗತಿ ಶುರುವಾಯಿತು. ನಲವತ್ತೊಂದೂ ಮುಖಗಳು ಅಲುಗಾಡುತ್ತಿದ್ದವು. ಅಮ್ಮ ಕಾಲರ್ ಹೊಲಿದು ಮುಗಿಸುವ ಹೊತ್ತಿಗೆ ಬಾಗಿಲು ತೆರೆದುಕೊಂಡಿತು.

"ನನ್ನ ಕೋಣೇಲಿ ಒಂದು ಕಡ್ಡಿ ಕಮ್ಮಿ ತೋರಿಸ್ತಿದೆ," ಎಂದರು ದೊಡ್ಡಪ್ಪ.

ಅಮ್ಮ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಪಾಠ ನಡೀತಿದೆ ಭಾವ. ಹನ್ನೆರಡೂವರೆಗೆ ಬನ್ನಿ."

"ಟೀಚರ್, ಯಾರದು?" ಪರದೆಯೊಳಗಿಂದ ಯಾರೋ ಕೇಳಿದರು.

"ನಮ್ಮ ಭಾವ. ಹನ್ನೆರಡೂವರೆಗೆ ಬರ್ತಾರೆ."

ದೊಡ್ಡಪ್ಪ ಹೊಸಿಲಿನ ಮೇಲೆ ಹಾಗೇ ನಿಂತರು. ನನ್ನತ್ತ ನೋಡಿದರು, ನಾನು ಗಡಿಯಾರದತ್ತ ನೋಡಿದೆ. ಇನ್ನೂ ಐವತ್ತು ನಿಮಿಷಗಳಿದ್ದವು. ಅವರು ಬಾಗಿಲನ್ನು ಎಳೆದುಕೊಂಡು ಹೋದರು.

"ಎಲ್ಲಿದ್ವಿ?" ಎಂದಳು ಅಮ್ಮ. "ಹಾಂ, ಕಾಲರ್ ಮೂಲೆ. ಎಲ್ರೂ ಇಲ್ಲೇ ಹೆದರ್ಕೊಂಡು ಬಟ್ಟೆ ಜಾಸ್ತಿ ಬಿಡ್ತೀರಾ, ಆಮೇಲೆ ಮೂಲೆ ಮೊಂಡಾಯ್ತು ಅಂತ ಅಳ್ತೀರಾ. ಹೊಲಿಗೆ ಹತ್ರದವರೆಗೂ ಕತ್ತರಿಸಿ. ನೋಡಿ, ಹೀಗೆ."