ಹೆಚ್ಚಿನ ಒಂದು ಗಂಟೆ

ಊರ ಸಭಾಂಗಣದ ಅಡುಗೆಮನೆಯಲ್ಲಿ ಆಯ್ಲಿ ಏಲಕ್ಕಿ ಬ್ರೆಡ್ಡನ್ನು ಹೋಳು ಮಾಡುತ್ತಲೇ ಇದ್ದಳು. ನಾದಿನಿ ಹೆಲ್ಮಿ ಬಂದು ಚಾಕು ಕಸಿದುಕೊಳ್ಳದಿದ್ದರೆ ಇನ್ನೆರಡು ಊರಿಗೆ ಸಾಲುವಷ್ಟು ಕತ್ತರಿಸುತ್ತಿದ್ದಳೇನೋ.

"ಸಾಕು ಬಿಡು ಅತ್ತಿಗೆ. ಗಂಡನ್ನ ಮಣ್ಣು ಮಾಡೋ ದಿನ ಯಾರಾದ್ರೂ ಅಡುಗೆಮನೇಲಿ ನಿಂತ್ಕೋತಾರಾ? ಬಾ, ಕೂತ್ಕೋ."

ಸಭಾಂಗಣದ ಮುಂದುಗಡೆ ಆರ್ವೋನ ಶವಪೆಟ್ಟಿಗೆ ಇತ್ತು. ಮೂವತ್ತೊಂದು ವರ್ಷ ಈ ಬಂದರಿನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದವನು. ನಿವೃತ್ತನಾದ ಮೇಲೆ ಬೇಸಿಗೆ ಬಂತೆಂದರೆ ಹೆಂಡತಿಯನ್ನು ಪುಟ್ಟ ದೋಣಿಗೆ ಹತ್ತಿಸಿಕೊಂಡು ಉತ್ತರಕ್ಕೆ, ಅಲಾಸ್ಕಾದ ಕಡೆಗೆ ಹಬ್ಬಿದ ಜನವಿಲ್ಲದ ದ್ವೀಪಗಳ ನಡುವೆ ಹೊರಟುಬಿಡುತ್ತಿದ್ದ. ಚಳಿಗಾಲದಲ್ಲಿ ಇದೇ ಸಭಾಂಗಣದಲ್ಲಿ ಹೊಸಬರಿಗೆ ಉಬ್ಬರವಿಳಿತದ ಪಟ್ಟಿ ಓದಲು ಕಲಿಸುತ್ತಿದ್ದ. ಬೇಸಿಗೆಯಲ್ಲಿ ಊರಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಪಟ್ಟಿಯ ಪುಸ್ತಕ ಮಾತ್ರ ಹಳೆಯ ಹೊತ್ತನ್ನೇ ಹಿಡಿದುಕೊಂಡು ಕೂತಿರುತ್ತದೆ. "ಒಂದು ಗಂಟೆ ಸೇರಿಸಿ" ಎಂದು ಆರ್ವೋ ಎಷ್ಟು ಸಲ ಹೇಳಿದ್ದನೆಂದರೆ ಊರವರು ಅವನಿಗೆ 'ಒಂದ್ಗಂಟೆ ಆರ್ವೋ' ಎಂದೇ ಹೆಸರಿಟ್ಟಿದ್ದರು.

ಅಂಥವನು ಉಬ್ಬರವಿಳಿತದ ಸೆಳೆತ ನಿಂತ ಕೆಲವೇ ನಿಮಿಷಗಳಲ್ಲಿ ದಾಟಬೇಕಾದ ಕಡಲ ಇಕ್ಕಟ್ಟಿಗೆ ಹೊತ್ತು ತಪ್ಪಿ ದೋಣಿ ಹೊಗಿಸಿ ಸತ್ತ. ಊರಿಗೆ ಬರಸಿಡಿಲು ಬಡಿದಂತಾಗಿತ್ತು. ಐದು ದಿನ ಕಳೆದರೂ ಯಾರೂ ಚೇತರಿಸಿಕೊಂಡಿರಲಿಲ್ಲ.

"ನಮ್ಗೆಲ್ಲ ಪಾಠ ಹೇಳಿ ತಾನೇ ಹೋಗಿ ಸಿಕ್ಕಾಕ್ಕೊಂಡ್ನಲ್ಲ," ಎಂದ ಹಿಂದಿನ ಸಾಲಿನ ಮೀನುಗಾರನೊಬ್ಬ. "ವಯಸ್ಸಾದ್ಮೇಲೆ ತಲೆ ಓಡಲ್ಲ, ಒಪ್ಕೋಬೇಕು. ದೋಣಿ ಕೀಲಿ ಮೊದ್ಲೇ ಕಿತ್ಕೊಂಡಿಡ್ಬೇಕಿತ್ತು."

"ಮೆಲ್ಲಗೆ ಮಾತಾಡೋ. ಅವನ ತಂಗಿ ಅಲ್ಲೇ ಕೂತಿದ್ದಾಳೆ."

ತಂಗಿ ಕೇಳಿಸಿಕೊಂಡಿದ್ದಳು. "ಬೆಳಗಿಂದ ಇದೇ ಮಾತು," ಎಂದಳು ಹೆಲ್ಮಿ, ಆಯ್ಲಿಯ ಕೈ ಹಿಡಿದು. "ಅಣ್ಣಂಗೆ ಅರಳುಮರಳು ಅಂತ ಊರೆಲ್ಲ ತೀರ್ಮಾನ ಮಾಡ್ಬಿಟ್ಟಿದೆ. ನಾನು ಯಾರ್ಯಾರ ಬಾಯಿ ಮುಚ್ಚಿಸ್ಲಿ?" ಕಣ್ಣೊರೆಸಿಕೊಂಡು ಬಂದವರಿಗೆ ಕಾಫಿ ಕೊಡಲು ಎದ್ದುಹೋದಳು.

ಆ ಜಾಗದಲ್ಲಿ ರೌನೋ ಬಂದು ಕುಳಿತ. ಆಯ್ಲಿಯನ್ನು ನೀರಿನಿಂದ ಎತ್ತಿದ್ದು ಅವನ ರಕ್ಷಣಾ ದೋಣಿಯೇ.

"ಲೆಕ್ಕ ಹಾಕಿ ನೋಡ್ದೆ ಆಯ್ಲಿ. ಅಲ್ಲಿ ನೀರು ನಿಂತಿದ್ದು ಹನ್ನೆರಡು ಇಪ್ಪತ್ತಕ್ಕೆ. ನೀವು ಹೊಕ್ಕಿದ್ದು ಒಂದು ಇಪ್ಪತ್ತಕ್ಕೆ ಅಂತ ನೀನೇ ಹೇಳ್ದೆ. ಸರಿಯಾಗಿ ಒಂದು ಗಂಟೆ ತಡ. ಪಾಪ, ಸೇರಿಸಿದ್ದನ್ನ ಮರ್ತು ಇನ್ನೊಂದ್ಸಲ ಸೇರಿಸಿರ್ಬೇಕು."

ಆಯ್ಲಿಗೆ ಚುಕ್ಕಾಣಿಯ ಪಕ್ಕ ತಾನು ಸಿಕ್ಕಿಸಿದ್ದ ಚೀಟಿ ನೆನಪಾಯಿತು.

* * *

ಆ ಬೆಳಿಗ್ಗೆ ಅವರ ದೋಣಿ ಇಕ್ಕಟ್ಟಿನ ಈಚೆಗೆ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಆರ್ವೋನ ಕಣ್ಣಿಗೆ ಪೊರೆ ಬಂದಿತ್ತು. ಪುಸ್ತಕವನ್ನು ತೋಳುದ್ದ ದೂರ ಹಿಡಿದು ತಿಣುಕುವುದನ್ನು ನೋಡಲಾರದೆ, ಅವನು ಗಡ್ಡ ಹೆರೆದುಕೊಳ್ಳುವಾಗ ಆಯ್ಲಿಯೇ ಪಟ್ಟಿ ನೋಡಿದಳು. ನೀರು ನಿಲ್ಲುವ ಹೊತ್ತು ಹನ್ನೊಂದು ಇಪ್ಪತ್ತು ಎಂದಿತ್ತು. ಒಂದು ಗಂಟೆ ಸೇರಿಸಿ, ಹನ್ನೆರಡು ಇಪ್ಪತ್ತು ಎಂದು ಚೀಟಿಯಲ್ಲಿ ದಪ್ಪಗೆ ಬರೆದು ಚುಕ್ಕಾಣಿಯ ಪಕ್ಕ ಸಿಕ್ಕಿಸಿದಳು.

"ಪುಸ್ತಕ ನೋಡಿ ಬರ್ದೆಯಾ?"

"ಹೂಂ."

ಅಷ್ಟೇ ಮಾತು. ಸೇರಿಸಿದ್ದೇನೆ ಎನ್ನಲಿಲ್ಲ. ಹೆಚ್ಚು ಮಾತಾಡಿದರೆ ನನ್ನ ಕಣ್ಣಿಗೇನಾಗಿದೆ ಎಂದು ಮುಖ ಊದಿಸಿಕೊಳ್ಳುತ್ತಾನೆಂದು ಸುಮ್ಮನಾದಳು.

ಮಧ್ಯಾಹ್ನ ಹನ್ನೆರಡಾದಾಗ, "ಹೊರಡೋಣ್ವಾ?" ಎಂದು ಕೇಳಿದ್ದಳು.

"ಇನ್ನೂ ಬೇಕಾದಷ್ಟು ಟೈಮಿದೆ ಕಣೆ. ಕಾಫಿ ಹಾಕು."

ನೀರಿನ ವಿಷಯದಲ್ಲಿ ಅವನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಕಾಫಿ ಹಾಕಿದಳು. ದಡದಲ್ಲಿ ಕರಡಿಯೊಂದು ಏಡಿಗಾಗಿ ಒಂದೊಂದೇ ಕಲ್ಲನ್ನು ಮಗುಚಿ ನೋಡುತ್ತಿತ್ತು.

"ವಿಳಾಸ ಇಲ್ದಿರೋ ಕಾಗದಕ್ಕೆ ಮನೆ ಹುಡುಕ್ತಾ ಇದೆ ನೋಡು, ನನ್ ಥರಾನೇ," ಎಂದು ನಕ್ಕು ಅವಳ ಮಡಿಲಿಗೆ ಕಾಲು ಚಾಚಿದ. ಅವಳು ಅವನ ಪಾದ ನೀವುತ್ತ ಕುಳಿತಳು. ಈ ಬೇಸಿಗೆಯಲ್ಲಿ ಅದಕ್ಕಿಂತ ಸುಖವಾದ ಹೊತ್ತು ಇರಲಿಲ್ಲ.

ಆಮೇಲೆ ಇಕ್ಕಟ್ಟು. ನಿಂತಿರಬೇಕಾದ ನೀರು ಕುದಿಯುವ ಅನ್ನದ ಹಾಗೆ ಉಕ್ಕುತ್ತಿತ್ತು. "ಇದೇನಿದು," ಎಂದ ಆರ್ವೋ. ದೋಣಿ ಎರಡು ಸುತ್ತು ತಿರುಗಿ ಬಂಡೆಗೆ ಬಡಿಯಿತು.

* * *

"ಅವನು ಒಂದೇ ಸಲ ಸೇರಿಸಿದ್ದು," ಎಂದಳು ಆಯ್ಲಿ.

ರೌನೋಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೀನು ಬರ್ದು ಕೊಟ್ಟಿದ್ದಾ?"

ತಲೆಯಾಡಿಸಿದಳು.

"ಯಾರಿಗೂ ಹೇಳ್ಬೇಡ," ಎಂದ ಅವನು ತಗ್ಗಿದ ದನಿಯಲ್ಲಿ. "ಅವನಿಗೆ ಇನ್ನೇನಾಗ್ಬೇಕಾಗಿದೆ? ನೀನು ಈ ಊರಲ್ಲೇ ಬದುಕ್ಬೇಕು. ಹೆಲ್ಮಿ ಮನೆ ಪಕ್ಕದಲ್ಲೇ."

ಅವನು ಹೇಳಿದ್ದು ನಿಜ. ಮಕ್ಕಳಿಲ್ಲದ ಅವಳಿಗೆ ಉಳಿದಿರುವವಳು ಹೆಲ್ಮಿಯೊಬ್ಬಳೇ. ಚೀಟಿಯೂ ಸಮುದ್ರದ ಪಾಲಾಗಿದೆ. ಆಯ್ಲಿ ಬಾಯಿ ಮುಚ್ಚಿ ಕುಳಿತಳು.

ಪೆಟ್ಟಿಗೆ ಎತ್ತಲು ಆರು ಜನ ಮುಂದೆ ಬಂದರು. "ಮಣ್ಣು ಎಷ್ಟು ಗಂಟೆಗೆ ಅಂದ್ರು? ಒಂದು ಸೇರಿಸ್ಬೇಕಾ, ಬೇಡ್ವಾ?" ಎಂದು ಯಾರೋ ಪಿಸುಗುಟ್ಟಿದರು. ಇಬ್ಬರು ನಗು ತಡೆದುಕೊಂಡರು.

ಆಯ್ಲಿ ಎದ್ದುಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ತಡೀರಿ. ಒಂದ್ನಿಮಿಷ." "ಆರ್ವೋ ತಪ್ಪು ಮಾಡ್ಲಿಲ್ಲ. ಪಟ್ಟಿ ನೋಡಿದ್ದು ನಾನು. ಒಂದು ಗಂಟೆ ನಾನೇ ಸೇರಿಸಿ ಬರ್ದೆ, ಅವನಿಗೆ ಹೇಳ್ಲಿಲ್ಲ. ಅವನು ನಿಮ್ಗೆಲ್ಲ ಕಲಿಸಿದ ಹಾಗೇ ಮಾಡ್ದ."

ಹಿಂದಿನ ಸಾಲಿನ ಮೀನುಗಾರ ಟೋಪಿಯನ್ನು ಕೈಯಲ್ಲಿ ಮುದುರುತ್ತ ನೆಲ ನೋಡಿದ.

ಹೆಲ್ಮಿ ಕಾಫಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಬೆನ್ನು ನೇರ ಮಾಡಿಕೊಂಡು ಸಾಲುಗಳ ನಡುವೆ ನಡೆದು ಬಂದು ಅಣ್ಣನ ತಲೆಯ ಬಳಿ ನಿಂತಳು. ಸಭಾಂಗಣದಲ್ಲಿದ್ದ ಒಬ್ಬೊಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಆಯ್ಲಿಯೊಬ್ಬಳನ್ನು ಬಿಟ್ಟು.