ಶ್ರಾವಣದ ಫೋಟೋ

ಸೋಲಾರ್ ಕಂಪನಿ ಸಭೆ ಕರೆದಿದ್ದ ಸಮುದಾಯ ಭವನದ ಗೋಡೆಯ ಮೇಲೆ ತನ್ನ ಹೊಲವನ್ನು ಕಂಡಾಗ ಬಸವೇಶ್ವರಿಗೆ ಮೊದಲು ಗುರುತೇ ಹತ್ತಲಿಲ್ಲ. ಬಾಗಿಲಷ್ಟು ದೊಡ್ಡ ಫೋಟೋ. ಬರೀ ಕರಿಮಣ್ಣು, ಒಂದು ಹುಲ್ಲುಕಡ್ಡಿಯಿಲ್ಲ, ಒಂದು ಮೂಲೆಯಲ್ಲಿ ಜಾಲಿಗಿಡ. ಆ ಜಾಲಿಯ ಸೊಟ್ಟ ಟೊಂಗೆ ನೋಡಿದ ಮೇಲೆ ಗುರುತು ಹತ್ತಿತು. ಕೆಳಗೆ ಕೆಂಪಕ್ಷರದಲ್ಲಿ 'ಬಂಜರು ಭೂಮಿ' ಎಂದಿತ್ತು.

ಫೋಟೋ ತೆಗೆದವಳು ಅವಳೇ. ಆಳಂದಕ್ಕೆ ಕೊಟ್ಟ ಮಗಳು ಸೃಷ್ಟಿ ಹೊಲ ನೋಡಬೇಕೆಂದು ಹಟ ಹಿಡಿದದ್ದಕ್ಕೆ, ಎರಡು ವರ್ಷದಿಂದ ಪ್ರತಿ ಸೋಮವಾರ ಮಾಳಿಗೆ ಹತ್ತಿ, ಮನೆಯೆದುರಿನ ಏಳೆಕರೆಯನ್ನು ಮೊಬೈಲಿನಲ್ಲಿ ಹಿಡಿದು ಕಳಿಸುತ್ತಿದ್ದಳು. ಹೋದ ವಾರ ಮೈದುನನ ಮಗ ಮಹೇಶಕುಮಾರ ಬಂದು, "ದೊಡ್ಡವ್ವ, ಭಾಳ ಛಂದ ತೆಗ್ದೀದಿ, ನನಗೂ ಹಾಕು," ಎಂದಿದ್ದ. ಅವಳು ಚಹಾಕ್ಕಿಡುವಷ್ಟರಲ್ಲಿ ತಾನೇ ಆರಿಸಿ ಒಂದನ್ನೇ ಕಳಿಸಿಕೊಂಡಿದ್ದ. ಶ್ರಾವಣದ್ದು.

ಹಿಂಗಾರಿ ಜೋಳದ ಹೊಲ ಮಳೆಗಾಲದಲ್ಲಿ ಬರಿದಾಗಿಯೇ ಇರಬೇಕು. ಕುಂಟೆ ಹೊಡೆದು ಕಸ ತೆಗೆದು, ಬಿದ್ದ ಮಳೆಯನ್ನೆಲ್ಲ ಮಣ್ಣಿಗೆ ಕುಡಿಸಿ, ಆಮೇಲೆ ಬಿತ್ತುವುದು. ಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಇದು ಗೊತ್ತು. ಗೊತ್ತಿದ್ದೂ ತಲೆ ತಗ್ಗಿಸಿ ಕಂಪನಿಯ ಉಪ್ಪಿಟ್ಟು ತಿನ್ನುತ್ತಿದ್ದರು.

"ಈ ಏಳೆಕರೆ ಸಾಗುವಳಿಯಲ್ಲಿಲ್ಲ," ಎಂದು ಸೋಲಾರ್ ಕಂಪನಿಯ ಸಾಹೇಬ ಓದಿದ. "ಮನೆತನದ ಪರವಾಗಿ ಮಹೇಶಕುಮಾರ ಅವರು ಒಪ್ಪಿಗೆ ಕೊಟ್ಟಿದ್ದಾರೆ. ಪ್ಲಾಂಟಿಗೆ ಸೇರಿಸಿದ್ದೇವೆ."

"ಯಾವ ಮನೆತನ?" ಬಸವೇಶ್ವರಿ ಎದ್ದಳು. "ಪಹಣಿಯೊಳಗ ನನ್ನ ಹೆಸರೂ ಅದ."

"ದೊಡ್ಡವ್ವ, ಕೂಡು. ಆಮ್ಯಾಗ ಮಾತಾಡೋಣು," ಎಂದ ಮಹೇಶಕುಮಾರ.

"ಈಗ ಮಾತಾಡ್ತೇನಿ."

ಅವಳು ಫೋನು ತೆರೆದಳು. ಬೇಕಾದ ಫೋಟೋ ಸಿಗಲೊಲ್ಲದು. ಕೊನೆಗೆ ಸಿಕ್ಕಿತು, ಎಳ್ಳಾಮಾಸಿಯಂದು ಹೊಲದಲ್ಲಿ ಹಬ್ಬದೂಟ ಮಾಡುವಾಗಿನದು. ಎದೆಮಟ ಜೋಳ. ಅದರ ನಡುವೆ ಚಾಪೆ ಹಾಸಿಕೊಂಡು, ಸಜ್ಜಿರೊಟ್ಟಿಯ ಮೇಲೆ ಸೊಪ್ಪು-ಕಾಳಿನ ಭಜ್ಜಿ ಒಟ್ಟಿಕೊಂಡು, ಬಾಯಿ ತುಂಬ ತುಂಬಿಕೊಂಡು ಕೂತ ಮಹೇಶಕುಮಾರ. ಹಿಂದೆ ಅದೇ ಜಾಲಿಯ ಸೊಟ್ಟ ಟೊಂಗೆ.

ಫೋನು ಕೈಯಿಂದ ಕೈಗೆ ಹೋಯಿತು. ಪ್ರತಿವರ್ಷ ಆ ಹೊಲಕ್ಕೆ ಟ್ರ್ಯಾಕ್ಟರಿನಿಂದ ಕುಂಟೆ ಹೊಡೆಯುವ ಅಜೀಮ ಮೊದಲು ನಕ್ಕ. "ಸಾಹೇಬ್ರ, ಬಂಜರ ಹೊಲದಾಗ ಭಜ್ಜಿ ಬೆಳೀತದೇನ್ರಿ?"

ಭವನವೆಲ್ಲ ನಕ್ಕಿತು. ಬಸವೇಶ್ವರಿ ನಗಲಿಲ್ಲ. "ನಗಬ್ಯಾಡೋ ಅಜೀಮ," ಎಂದಳು. "ಇಷ್ಟೊತ್ತು ನಿನ್ನ ಬಾಯಿಗೇನಾಗಿತ್ತು?"

ಅಜೀಮ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ.

ಸಾಹೇಬ ಹಾಳೆ ಮಡಿಚಿ, "ಮತ್ತೊಮ್ಮೆ ಪರಿಶೀಲಿಸುತ್ತೇವೆ," ಎಂದ. ಅವಳು ಗೋಡೆಯ ಫೋಟೋವನ್ನು ಪರ್‍ರನೆ ಕಿತ್ತು ಬಗಲಿಗಿಟ್ಟುಕೊಂಡು ಹೊರಬಿದ್ದಳು.

ಮನೆ ಮುಟ್ಟಿದರೆ ಹೊಲದ ನಾಲ್ಕೂ ಮೂಲೆಗೆ ಗಡಿ ಗುರುತಿಸುವ ಕೆಂಪು ಬಾವುಟ. ಊರೆಲ್ಲ ಸಭೆಯಲ್ಲಿದ್ದ ಹೊತ್ತು ನೋಡಿ ಯಾರೋ ನೆಟ್ಟು ಹೋಗಿದ್ದರು. ಅವಳು ಕೀಳಲು ಓಡಲಿಲ್ಲ. ಮೊದಲು ಮಾಳಿಗೆ ಹತ್ತಿ, ನಾಲ್ಕೂ ಬಾವುಟ ಕಾಣುವಂತೆ ಫೋಟೋ ಹಿಡಿದು ಸೃಷ್ಟಿಗೆ ಕಳಿಸಿದಳು. ಆಮೇಲೆ ಹೊಲಕ್ಕಿಳಿದಳು. ಹಸಿಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿತು. ಮೂರು ಬಾವುಟ ಕಿತ್ತು ನಾಲ್ಕನೆಯದಕ್ಕೆ ಕೈ ಹಾಕಿದಾಗ ಮಹೇಶಕುಮಾರನ ಬೈಕು ಬದುವಿಗೆ ಬಂದು ನಿಂತಿತು.

"ದೊಡ್ಡವ್ವ, ಮುರೀಬ್ಯಾಡ! ಕಂಪನೀದು ಅದು."

ಅವಳು ಆ ಬಾವುಟದ ಬಿದಿರುಕೋಲು ಕಿತ್ತು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದಳು. ಬದುವಿಗೆ ಬಂದು ಫೋನನ್ನು ಅವನ ಕೈಗೆ ತುರುಕಿದಳು.

"ತೆಗಿ."

"ಏನು?"

"ಫೋಟೋ. ಬರೀ ಮಣ್ಣು ಕಂಡ್ರ ನಿನಗ ಬಂಜರ ಕಾಣ್ತದಲ್ಲ? ನಾ ನಿಂದರ್ತೇನಿ ಹೊಲದಾಗ."

ಅವಳು ನಡುಹೊಲಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಅವನು ಫೋನು ಮೇಲೆತ್ತಿದ. ಒಂದು ಕಡೆ ವಾಲಿಸಿ ಹಿಡಿದಿದ್ದ.

"ಸರಿಯಾಗಿ ಹಿಡಿ ಲೇ," ಅವಳು ಅಲ್ಲಿಂದಲೇ ಒದರಿದಳು. "ಜಾಲಿಗಿಡ ಬರಬೇಕು."